ಶಫಲ್‌ಬಾಟಮ್ ಎಂಬ ಅಡ್ಡಹೆಸರು: ಮೂಲ, ವ್ಯಾಪ್ತಿ ಮತ್ತು ಎಣಿಸುವ ಬಗೆ

ಇಂಗ್ಲೆಂಡಿನ ಅಪರೂಪದ ಅಡ್ಡಹೆಸರುಗಳನ್ನು ಅಭ್ಯಾಸ ಮಾಡುವವರಿಗೆ ಶಫಲ್‌ಬಾಟಮ್ ಬಹಳ ಉಪಯುಕ್ತವಾದ ಉದಾಹರಣೆ. ಇದರ ಮೂಲ ವಾಯವ್ಯ ಇಂಗ್ಲೆಂಡಿನ ಲ್ಯಾಂಕಶೈರ್ ಜಿಲ್ಲೆಯ ಒಂದು ನಿರ್ದಿಷ್ಟ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆದರೆ ಕಾಗುಣಿತ ಮಾತ್ರ ಏಳು ಶತಮಾನಗಳಲ್ಲಿ ಗುರುತು ಸಿಗದಷ್ಟು ಬದಲಾಗಿ, ಒಂದೇ ಹೆಸರು ಹಲವು ರೂಪಗಳಾಗಿ ಒಡೆದಿದೆ. ಹೀಗಾಗಿ ‘ಈ ಹೆಸರಿನವರು ಎಷ್ಟು ಮಂದಿ’ ಎಂದು ಕೇಳುವ ಮೊದಲು ‘ಯಾವ ಯಾವ ರೂಪಗಳನ್ನು ಒಂದೇ ಹೆಸರೆಂದು ಹಿಡಿಯಬೇಕು’ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಈ ಟಿಪ್ಪಣಿಯ ಹೆಚ್ಚಿನ ಭಾಗ ಆ ತೀರ್ಮಾನದ ಕುರಿತೇ ಇದೆ.

ಹೆಸರು ಹುಟ್ಟಿದ ಜಾಗ

1246ರ ಲ್ಯಾಂಕಶೈರಿನ ಅಸೈಜ್ (ರಾಜನ ನ್ಯಾಯಾಧೀಶರು ಜಿಲ್ಲೆಗೆ ಬಂದು ನಡೆಸುತ್ತಿದ್ದ) ನ್ಯಾಯಾಲಯದ ಕಡತದಲ್ಲಿ ರಿಚರ್ಡ್ ಡ ಶಿಪ್ಪೆವಾಲೆಬಾಥೆಮ್ ಎಂಬ ವ್ಯಕ್ತಿಯ ಹೆಸರು ದಾಖಲಾಗಿದೆ. ನಡುವೆ ಇರುವ ‘ಡ’ ಎಂಬುದಕ್ಕೆ ‘ಆ ಊರಿನ’ ಎಂದರ್ಥ. ಆದ್ದರಿಂದ ಇದು ವೃತ್ತಿಯಿಂದಾಗಲಿ ತಂದೆಯ ಹೆಸರಿನಿಂದಾಗಲಿ ಬಂದದ್ದಲ್ಲ, ಸ್ಥಳದಿಂದ ಬಂದ ಹೆಸರು. ಆ ಸ್ಥಳ ಇಂದು ಶಿಪ್ಪರ್‌ಬಾಟಮ್ ಎನಿಸಿಕೊಂಡಿದ್ದು, ಬರಿ ಎಂಬ ಪಟ್ಟಣದ ಉತ್ತರಕ್ಕೆ ಇರ್ವೆಲ್ ನದಿಯ ಕಣಿವೆಯಲ್ಲಿರುವ ರಾಮ್ಸ್‌ಬಾಟಮ್ ಊರಿನ ಒಂದು ರಸ್ತೆಗೆ ಈಗಲೂ ಅದೇ ಹೆಸರಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಮೂರು ಅಂಗಗಳು: ಮೊದಲನೆಯದು ಕುರಿ, ಎರಡನೆಯದು ಒರತೆ ಅಥವಾ ತೊರೆ, ಮೂರನೆಯದು ಕಣಿವೆಯ ತಳ. ಪೆನೈನ್ ಬೆಟ್ಟಸಾಲಿನ ಅಂಚಿನ ಈ ಪ್ರದೇಶದಲ್ಲಿ ಕಣಿವೆಯ ತಳವನ್ನು ಸೂಚಿಸುವ ಅಂಗವಿರುವ ಹೆಸರುಗಳು ಹೇರಳವಾಗಿವೆ. ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಪರಿಚಿತರಾದ ಇಯಾನ್ ಬಾಥಮ್ ಮತ್ತು ರಯಾನ್ ಸೈಡ್‌ಬಾಟಮ್ ಅವರ ಹೆಸರುಗಳಲ್ಲಿರುವುದೂ ಇದೇ ಅಂಗ. ಬಾಟಮ್, ಬಾಥಮ್ ಎರಡೂ ಒಂದೇ ಪದದ ಎರಡು ಬರವಣಿಗೆಗಳು.

ಸ್ಥಳದ ಹೆಸರಿನ ಅರ್ಥ ತಿಳಿದ ಮಾತ್ರಕ್ಕೆ ಮನೆತನದ ಮೂಲ ತಿಳಿದಂತಾಗುವುದಿಲ್ಲ. ದೊಡ್ಡ ಊರಿನ ಹೆಸರು ಅಡ್ಡಹೆಸರಾದಾಗ, ಆ ಊರನ್ನು ಬಿಟ್ಟು ಬೇರೆ ಬೇರೆ ಕಡೆ ನೆಲೆಸಿದ ಸಂಬಂಧವೇ ಇಲ್ಲದ ಅನೇಕರು ಅದೇ ಹೆಸರನ್ನು ಪಡೆದಿರುತ್ತಾರೆ. ಉತ್ತರ ಕರ್ನಾಟಕದಲ್ಲಿ ಹಾನಗಲ್ ಅಥವಾ ಬಾದಾಮಿ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆತನದವರೆಂದು ಯಾರೂ ಭಾವಿಸುವುದಿಲ್ಲ. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಹೆಸರಿನ ವಿಷಯವೂ ಹಾಗೆಯೇ, ಏಕೆಂದರೆ ಆ ಹೆಸರಿನ ಊರುಗಳೇ ಅಲ್ಲಿ ಹಲವಾರಿವೆ. ಒಂದೆರಡು ಮನೆಗಳಷ್ಟೇ ಇದ್ದ ಹೊಲಮನೆಯ ಹೆಸರು ಅಡ್ಡಹೆಸರಾದಾಗ ಪರಿಸ್ಥಿತಿ ಬೇರೆ. ಅಲ್ಲಿ ವಾಸಿಸುತ್ತಿದ್ದ ಒಂದೇ ಕುಟುಂಬದಿಂದ ಹೆಸರು ಹರಡಿರುವ ಸಾಧ್ಯತೆ ಬಹಳ ಹೆಚ್ಚು. ಶಿಪ್ಪರ್‌ಬಾಟಮ್ ಈ ಎರಡನೆಯ ಗುಂಪಿಗೆ ಸೇರುತ್ತದೆ.

ಒಂದು ಮನೆತನದ ಹೆಸರು ಏಕೆ ವಿರಳವಾಗುತ್ತದೆ

1873ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಡ್ಡಹೆಸರುಗಳು ಅಳಿದುಹೋಗುವುದನ್ನು ಒಂದು ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಗಣಿತಜ್ಞ ಹೆನ್ರಿ ವಾಟ್ಸನ್ ಅದಕ್ಕೆ ಉತ್ತರ ಬರೆದರು ಮತ್ತು 1874ರಲ್ಲಿ ಇಬ್ಬರ ಜಂಟಿ ಲೇಖನ ಪ್ರಕಟವಾಯಿತು. ಹೆಸರು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ ಎಂಬುದು ಅವರ ಆಧಾರ. ಸರಳವಾದ ಊಹೆಯೊಂದನ್ನು ಮಾಡಿಕೊಳ್ಳೋಣ: ಒಬ್ಬ ಗಂಡಸಿಗೆ ಪ್ರಾಯಕ್ಕೆ ಬರುವ ಗಂಡುಮಕ್ಕಳು ಒಬ್ಬರೂ ಇಲ್ಲದಿರುವ ಸಂಭವ ಕಾಲು ಭಾಗ, ಒಬ್ಬನೇ ಇರುವ ಸಂಭವ ಅರ್ಧ, ಇಬ್ಬರಿರುವ ಸಂಭವ ಕಾಲು ಭಾಗ. ಸರಾಸರಿ ಒಬ್ಬ ಮಗ ಎಂದಾಯಿತು. ಈ ಊಹೆಯಲ್ಲಿ ಲೆಕ್ಕ ಮಾಡಲು ಒಂದು ಸುಲಭ ದಾರಿ ಇದೆ, ಅದನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು: ಹಿಂದಿನ ತಲೆಮಾರಿನ ಹೊತ್ತಿಗೆ ವಂಶ ಅಳಿದಿರುವ ಸಂಭವಕ್ಕೆ ಒಂದನ್ನು ಕೂಡಿಸಿ, ಎರಡರಿಂದ ಭಾಗಿಸಿ, ಬಂದದ್ದರ ವರ್ಗ ತೆಗೆದರೆ ಮುಂದಿನ ತಲೆಮಾರಿನ ಸಂಭವ ಸಿಗುತ್ತದೆ. ಮೊದಲ ತಲೆಮಾರಿನಲ್ಲಿ 0.25. ಅದಕ್ಕೆ ಒಂದು ಕೂಡಿಸಿದರೆ 1.25, ಅರ್ಧ ಮಾಡಿದರೆ 0.625, ವರ್ಗ ಮಾಡಿದರೆ ಸುಮಾರು 0.39. ಹೀಗೇ ಮುಂದುವರಿದರೆ ಮೂರನೆಯ ತಲೆಮಾರಿಗೆ 0.48, ನಾಲ್ಕನೆಯದಕ್ಕೆ 0.55 ಬರುತ್ತದೆ. ಅಂದರೆ ಸರಾಸರಿ ಒಬ್ಬ ಮಗನಿದ್ದರೂ, ಒಬ್ಬನೇ ಮೂಲಪುರುಷನ ಹೆಸರು ನಾಲ್ಕು ತಲೆಮಾರುಗಳಲ್ಲಿ ಅಳಿಯುವ ಸಂಭವ ಉಳಿಯುವ ಸಂಭವಕ್ಕಿಂತ ಹೆಚ್ಚು.

ಈಗ ಇದೇ ಲೆಕ್ಕವನ್ನು ಊರು ಮತ್ತು ಹೊಲಮನೆಯ ವ್ಯತ್ಯಾಸಕ್ಕೆ ಜೋಡಿಸಿ ನೋಡಬೇಕು. ಒಂದೇ ಹೆಸರಿನ ಮೂಲಪುರುಷರು ಪರಸ್ಪರ ಸಂಬಂಧವಿಲ್ಲದ ಇಬ್ಬರಾದರೆ, ನಾಲ್ಕನೆಯ ತಲೆಮಾರಿನೊಳಗೆ ಇಬ್ಬರ ವಂಶವೂ ಅಳಿಯುವ ಸಂಭವ 0.55 ಗುಣಿಸು 0.55, ಅಂದರೆ ಸುಮಾರು 0.30. ಮೂವರಾದರೆ 0.17. ನೂರು ಮಂದಿ ಮೂಲಪುರುಷರಿರುವ ಹೆಸರು ಅಳಿಯುವ ಸಂಭವ ಶೂನ್ಯಕ್ಕೆ ಅಂಟಿಕೊಂಡಿರುತ್ತದೆ. ಪ್ರತಿ ಊರಿನಲ್ಲೂ ಕಮ್ಮಾರರಿದ್ದುದರಿಂದ ಸ್ಮಿತ್ ಎಂಬ ಹೆಸರು 1881ರಲ್ಲಿ ಬ್ರಿಟನ್ನಿನಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿಗಿತ್ತು. ಒಂದು ಹೊಲಮನೆಯ ಹೆಸರಿಗೆ ಅಂತಹ ಭದ್ರತೆ ಇಲ್ಲ. ಇದಕ್ಕೆ 1348–49ರ ಮಹಾಮಾರಿ ಪ್ಲೇಗನ್ನೂ ಸೇರಿಸಿಕೊಂಡರೆ, ಇಂತಹ ಹೆಸರು ಉಳಿದುಬಂದಿರುವುದೇ ಗಮನಿಸಬೇಕಾದ ಸಂಗತಿ. (ವಾಟ್ಸನ್ ಅವರು ಎಲ್ಲ ಹೆಸರುಗಳೂ ಕೊನೆಗೆ ಅಳಿಯುತ್ತವೆ ಎಂಬ ನಿರ್ಣಯಕ್ಕೆ ಬಂದಿದ್ದರು. ಗಂಡುಮಕ್ಕಳ ಸರಾಸರಿ ಒಂದನ್ನು ಮೀರಿದರೆ ಅದು ನಿಜವಲ್ಲವೆಂದು ಮುಂದೆ ಸಿದ್ಧವಾಯಿತು.)

ಕಾಗುಣಿತಗಳನ್ನು ಒಟ್ಟುಗೂಡಿಸುವುದು

ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಇಂಗ್ಲೆಂಡಿನ ಪ್ರತಿ ಪ್ಯಾರಿಷ್ (ಸ್ಥಳೀಯ) ಚರ್ಚೂ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳ ದಾಖಲೆ ಇಡಬೇಕಾಯಿತು. ಬರೆಯುವವನು ಪಾದ್ರಿ ಅಥವಾ ಗುಮಾಸ್ತ, ಹೇಳುವವನು ಓದು ಬರಹ ಬಾರದ ರೈತ. ಕಿವಿಗೆ ಬಿದ್ದಂತೆ ಬರೆದದ್ದರಿಂದ ಒಂದೇ ಕುಟುಂಬದ ಮಕ್ಕಳ ಹೆಸರೇ ಬೇರೆ ಬೇರೆ ಕಾಗುಣಿತದಲ್ಲಿ ದಾಖಲಾಗುವುದು ಸಾಮಾನ್ಯವಾಗಿತ್ತು. ಶಿಪ್ಪೆವಾಲೆಬಾಥೆಮ್‌ನ ನಡುವಿನ ಒತ್ತಿ ಉಚ್ಚರಿಸದ ಅಕ್ಷರಗಳು ಸವೆದುಹೋಗಿ, ಒಂದು ಕವಲಿನಲ್ಲಿ ಲಕಾರ ಉಳಿದು, ಪಕಾರ ಫಕಾರಕ್ಕೆ ತಿರುಗಿ ಶಫಲ್‌ಬಾಟಮ್ ಹಾಗೂ ಶಫಲ್‌ಬಾಥಮ್ ಆಯಿತು. ಇನ್ನೊಂದರಲ್ಲಿ ಲಕಾರದ ಜಾಗಕ್ಕೆ ರಕಾರ ಬಂದು ಶಿಪ್ಪರ್‌ಬಾಟಮ್ ಆಯಿತು. ಮತ್ತೊಂದರಲ್ಲಿ ಎರಡೂ ಬಿದ್ದುಹೋಗಿ ಶಿಪ್ಪೋಬಾಟಮ್ ಆಯಿತು. ಇನ್ನೂ ಸವೆದ ರೂಪ ಶೂಬಾಟಮ್. ಮೂಲದ ಅರ್ಥ ಜನರ ನೆನಪಿನಿಂದ ಮರೆಯಾದ ಮೇಲೆ, ಕೇಳಿ ಪರಿಚಿತವಾದ ಪದಗಳ ಕಡೆಗೆ ಹೆಸರು ವಾಲಿರುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1837ರ ಜುಲೈ 1ರಂದು ಸರ್ಕಾರಿ ಜನನ ಮರಣ ನೋಂದಣಿ ಆರಂಭವಾದ ಮೇಲೆ ಹೆಸರುಗಳ ಸೂಚಿ ಅಕ್ಷರಾನುಕ್ರಮದಲ್ಲಿ ತಯಾರಾಯಿತು. ಸೂಚಿಯಲ್ಲಿ ಈ ರೂಪಗಳೆಲ್ಲ ಬೇರೆ ಬೇರೆ ಪುಟಗಳಲ್ಲಿರುವುದರಿಂದ, ಒಂದೇ ರೂಪವನ್ನು ಹುಡುಕುವವರಿಗೆ ಹೆಸರು ಇರುವುದಕ್ಕಿಂತ ಹೆಚ್ಚು ಅಪರೂಪವಾಗಿ ಕಾಣುತ್ತದೆ. ಉಚ್ಚಾರಣೆಯ ಆಧಾರದ ಮೇಲೆ ಹೆಸರುಗಳನ್ನು ಗುಂಪು ಮಾಡಲು ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಪದ್ಧತಿ ಇಂದಿಗೂ ವಂಶಾವಳಿ ಜಾಲತಾಣಗಳಲ್ಲಿ ಬಳಕೆಯಲ್ಲಿದೆ. ಅದನ್ನು ಕೈಯಾರೆ ಮಾಡಿ ನೋಡಿದರೆ ಮಾತ್ರ ಅದರ ಬಲವೂ ಮಿತಿಯೂ ಅರ್ಥವಾಗುತ್ತವೆ, ಆದ್ದರಿಂದ ಇಲ್ಲಿ ನಿಧಾನವಾಗಿ ಸಾಗೋಣ.

ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಆಮೇಲೆ ಬರುವ ಸ್ವರಗಳನ್ನೂ ಎಚ್, ಡಬ್ಲ್ಯೂ, ವೈ ಅಕ್ಷರಗಳನ್ನೂ ಬಿಟ್ಟು, ಉಳಿದವುಗಳಿಗೆ ಅಂಕಿ ಕೊಡಬೇಕು: ಬಿ, ಎಫ್, ಪಿ, ವಿ ಇವಕ್ಕೆ 1, ಸಿ, ಜಿ, ಕೆ, ಎಸ್ ಮುಂತಾದವಕ್ಕೆ 2, ಡಿ, ಟಿಗೆ 3, ಎಲ್‌ಗೆ 4, ಎಂ, ಎನ್‌ಗೆ 5, ಆರ್‌ಗೆ 6. ಮೂರು ಅಂಕಿ ಸಿಕ್ಕೊಡನೆ ನಿಲ್ಲಿಸಬೇಕು. ಕನ್ನಡ ವರ್ಣಮಾಲೆ ಕಲಿತವರಿಗೆ ಇದು ಹೊಸದೆನಿಸುವುದಿಲ್ಲ. ಮೊದಲ ಗುಂಪಿನವೆಲ್ಲ ತುಟಿಯ ನೆರವಿನಿಂದ ಹುಟ್ಟುವ ಓಷ್ಠ್ಯ ಧ್ವನಿಗಳು. ನಮ್ಮ ಪವರ್ಗದಲ್ಲಿರುವ ಮಕಾರವನ್ನು ಮಾತ್ರ ಇಲ್ಲಿ ನಕಾರದ ಜೊತೆ ಅನುನಾಸಿಕವೆಂದು ಬೇರೆ ಇಟ್ಟಿದ್ದಾರೆ. ಪಕಾರ ಫಕಾರಕ್ಕೆ ತಿರುಗಿದರೂ ಅಂಕಿ ಬದಲಾಗದಿರುವುದು ಈ ಗುಂಪುಗಾರಿಕೆಯ ಫಲ.

ಶಫಲ್‌ಬಾಟಮ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿದರೆ ಎಸ್, ಎಚ್, ಯು, ಎಫ್, ಎಫ್, ಎಲ್, ಇ, ಬಿ, ಓ, ಟಿ, ಟಿ, ಓ, ಎಂ. ಎಸ್ ಉಳಿಯುತ್ತದೆ, ಎಚ್ ಮತ್ತು ಯು ಹೋಗುತ್ತವೆ, ಜೋಡಿ ಎಫ್ ಸೇರಿ ಒಂದೇ 1, ಎಲ್‌ಗೆ 4, ಬಿಗೆ 1. ಎಸ್ 141 ಸಿಕ್ಕಿತು. ಟಿ ಮತ್ತು ಎಂ ತನಕ ಹೋಗುವ ಪ್ರಮೇಯವೇ ಬರಲಿಲ್ಲ. ಬಾಟಮ್ ಎಂದು ಬರೆದರೂ ಬಾಥಮ್ ಎಂದು ಬರೆದರೂ ಸಂಕೇತ ಒಂದೇ ಆಗುವುದು ಇದರಿಂದಲೇ. ಇನ್ನು ಶಿಪ್ಪರ್‌ಬಾಟಮ್: ಜೋಡಿ ಪಿಗೆ 1, ಆರ್‌ಗೆ 6, ಬಿಗೆ 1, ಆದ್ದರಿಂದ ಎಸ್ 161. ಶೂಬಾಟಮ್: ಬಿಗೆ 1, ಜೋಡಿ ಟಿಗೆ 3, ಎಂಗೆ 5, ಆದ್ದರಿಂದ ಎಸ್ 135.

ಶಿಪ್ಪೋಬಾಟಮ್‌ನಲ್ಲಿ ಒಂದು ತೊಡಕಿದೆ. ಜೋಡಿ ಪಿಗೆ 1 ಬಂತು. ನಂತರ ಓ, ಅದರ ನಂತರ ಬಿ. ಬಿಗೂ 1 ಬರಬೇಕು. ಓ ಬಿಟ್ಟುಹೋಗುವ ಅಕ್ಷರವಾದ್ದರಿಂದ ಎರಡು ಒಂದುಗಳು ಅಕ್ಕಪಕ್ಕ ಬಂದವು, ಇವನ್ನು ಜೋಡಿಯೆಂದು ತಿಳಿದು ಒಂದೇ 1 ಬರೆಯಬೇಕೇ? ಬರೆಯಬಾರದು. ಸಮಾನ ಅಂಕಿಯ ಎರಡು ಅಕ್ಷರಗಳ ನಡುವೆ ಸ್ವರವಿದ್ದರೆ ಎರಡನ್ನೂ ಎಣಿಸಬೇಕು. ಎಚ್ ಅಥವಾ ಡಬ್ಲ್ಯೂ ಇದ್ದರೆ ಮಾತ್ರ ಎರಡನ್ನೂ ಸೇರಿಸಿ ಒಂದೆಂದು ಎಣಿಸಬೇಕು. ಸ್ವರಕ್ಕೆ ಅಂಕಿ ಇಲ್ಲದಿದ್ದರೂ ಅದು ಎರಡು ವ್ಯಂಜನಗಳನ್ನು ಬೇರ್ಪಡಿಸುವ ಕೆಲಸ ಮಾಡುತ್ತದೆ. ಆದ್ದರಿಂದ ಸ್ವರಗಳನ್ನು ಮೊದಲೇ ಹೊಡೆದುಹಾಕಿ ಆಮೇಲೆ ಅಂಕಿ ಕೊಡುವ ಕ್ರಮ ತಪ್ಪು. ಮೊದಲು ಅಂಕಿ ಕೊಟ್ಟು, ಜೋಡಿಗಳನ್ನು ಕೂಡಿಸಿ, ಕೊನೆಗೆ ಸ್ವರಗಳನ್ನು ತೆಗೆಯಬೇಕು. ಈ ಕ್ರಮದಲ್ಲಿ ಶಿಪ್ಪೋಬಾಟಮ್‌ಗೆ 1, 1, 3 ಬಂದು ಎಸ್ 113 ಆಗುತ್ತದೆ. ತಪ್ಪು ಕ್ರಮದಲ್ಲಿ ಎಸ್ 135 ಬಂದು, ಅದು ಶೂಬಾಟಮ್‌ನ ಗುಂಪಿಗೆ ಬಂದು ಬೀಳುತ್ತದೆ.

ಒಟ್ಟಿನಲ್ಲಿ ಒಂದೇ ಮೂಲದ ಹೆಸರು 141, 161, 135, 113 ಎಂಬ ನಾಲ್ಕು ಸಂಕೇತಗಳಲ್ಲಿ ಹರಡಿಹೋಗಿದೆ. ಯಂತ್ರದ ಹುಡುಕಾಟ ತುಟಿಯ ಧ್ವನಿಗಳ ನಡುವಿನ ಬದಲಾವಣೆಯನ್ನು ಹಿಡಿಯುತ್ತದೆ, ಆದರೆ ಲಕಾರ ರಕಾರವಾದದ್ದನ್ನಾಗಲಿ, ಪೂರ್ತಿ ಬಿದ್ದುಹೋದದ್ದನ್ನಾಗಲಿ ಹಿಡಿಯುವುದಿಲ್ಲ. ಈ ನಾಲ್ಕು ಗುಂಪುಗಳನ್ನೂ ಬೇರೆ ಬೇರೆಯಾಗಿ ಹುಡುಕಿ, ಬಂದ ಹೆಸರುಗಳಲ್ಲಿ ಸಂಬಂಧವಿಲ್ಲದವುಗಳನ್ನು ಕಣ್ಣಿಂದ ನೋಡಿ ತೆಗೆದುಹಾಕುವುದೇ ನಂಬಬಹುದಾದ ವಿಧಾನ.

ಎಲ್ಲಿ ಎಷ್ಟು ಮಂದಿ

1881ರ ಏಪ್ರಿಲ್ 3ರಂದು ನಡೆದ ಜನಗಣತಿಯ ಹೆಸರುಗಳನ್ನು ಸ್ವಯಂಸೇವಕರು ಪೂರ್ತಿಯಾಗಿ ನಕಲು ಮಾಡಿರುವುದರಿಂದ ಅಡ್ಡಹೆಸರುಗಳ ಭೂಪಟಕ್ಕೆ ಅದೇ ಮುಖ್ಯ ಆಧಾರ. ಶಫಲ್‌ಬಾಟಮ್ ಮತ್ತು ಅದರ ಬಳಗದ ಹೆಸರುಗಳು ದಕ್ಷಿಣ ಲ್ಯಾಂಕಶೈರ್ ಹಾಗೂ ಅದಕ್ಕೆ ತಾಗಿಕೊಂಡ ಚೆಶೈರ್, ಅದರಾಚೆಯ ಸ್ಟಾಫರ್ಡ್‌ಶೈರ್‌ಗಳಲ್ಲಿ ದಟ್ಟವಾಗಿವೆ. ಆರು ಶತಮಾನ ಕಳೆದರೂ ಹೆಸರು ಹುಟ್ಟಿದ ಕಣಿವೆಯಿಂದ ಹೆಚ್ಚು ದೂರ ಹೋಗಿಲ್ಲ.

ಜಿಲ್ಲೆಗಳನ್ನು ಹೋಲಿಸುವಾಗ ತಲೆಗಳ ಸಂಖ್ಯೆಯನ್ನಷ್ಟೇ ನೋಡಬಾರದು. ಆಗ ಲ್ಯಾಂಕಶೈರಿನ ಜನಸಂಖ್ಯೆ ಸುಮಾರು 34.5 ಲಕ್ಷ, ಚೆಶೈರಿನದು ಸುಮಾರು 6.4 ಲಕ್ಷ. ಎರಡೂ ಕಡೆ ಒಂದು ಹೆಸರಿನವರು ತಲಾ 60 ಮಂದಿ ಇದ್ದಾರೆಂದು ಇಟ್ಟುಕೊಂಡರೆ, ಲ್ಯಾಂಕಶೈರಿನಲ್ಲಿ ಲಕ್ಷಕ್ಕೆ ಇಬ್ಬರೂ ಇಲ್ಲ, ಚೆಶೈರಿನಲ್ಲಿ ಲಕ್ಷಕ್ಕೆ ಒಂಬತ್ತಕ್ಕೂ ಹೆಚ್ಚು.

ಅಪರೂಪ ಎನ್ನುವುದಕ್ಕೆ ಒಂದೇ ಅಳತೆಗೋಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2016ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದ ಅಡ್ಡಹೆಸರುಗಳ ನಿಘಂಟು, 2011ರ ಜನಗಣತಿಯಲ್ಲಿ ನೂರಕ್ಕಿಂತ ಹೆಚ್ಚು ಜನ ಹೊಂದಿದ್ದ ಹೆಸರುಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಕವಲೊಡೆದ ಹೆಸರುಗಳಿಗೆ ಇಂತಹ ಮಿತಿ ಅನ್ಯಾಯ ಮಾಡಬಹುದು, ಏಕೆಂದರೆ ಒಂದು ಕವಲು ನೂರರ ಗೆರೆ ದಾಟದಿದ್ದರೂ ಬಳಗ ಒಟ್ಟಾಗಿ ಅದನ್ನು ಎಂದೋ ದಾಟಿರುತ್ತದೆ.

ರಕ್ತಸಂಬಂಧದ ಪರೀಕ್ಷೆ

ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವೂ (ಕ್ರೋಮೊಸೋಮ್) ಅಡ್ಡಹೆಸರಿನಂತೆ ತಂದೆಯಿಂದ ಮಗನಿಗೆ ಸಾಗುವುದರಿಂದ, ಒಂದೇ ಹೆಸರಿನವರು ಒಂದೇ ಮೂಲದವರೇ ಎಂಬುದನ್ನು ಪರೀಕ್ಷಿಸಬಹುದು. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಅಡ್ಡಹೆಸರುಗಳ 1,678 ಗಂಡಸರನ್ನು ಹೀಗೆ ಹೋಲಿಸಿದರು. ಸ್ಮಿತ್ ಎಂಬ ಹೆಸರಿನವರ ನಡುವಿನ ಹೋಲಿಕೆ ಸಾಮಾನ್ಯ ಜನರ ನಡುವಿನದಕ್ಕಿಂತ ಹೆಚ್ಚಿರಲಿಲ್ಲ. ಅಪರೂಪದ ಹೆಸರುಗಳಲ್ಲಿ ಮಾತ್ರ ಹೋಲಿಕೆ ಬಹಳ ಹೆಚ್ಚಿತ್ತು. ನಾಟಿಂಗ್‌ಹ್ಯಾಮ್‌ಶೈರಿನ ಒಂದು ಊರಿನಿಂದ ಬಂದ ಅಟೆನ್‌ಬರೋ ಎಂಬ ಹೆಸರಿನ ಬಹುಪಾಲು ಜನ ಒಂದೇ ಗುಂಪಿಗೆ ಸೇರಿದ್ದರು.

ಫಲಿತಾಂಶ ಹೊಂದದಿದ್ದರೆ ಮೂಲವೇ ಬೇರೆ ಎಂದು ಕೂಡಲೇ ನಿರ್ಣಯಿಸಬಾರದು. ಮದುವೆಯಾಗದ ತಾಯಿಯ ಗಂಡುಮಗು ಪ್ಯಾರಿಷ್ ದಾಖಲೆಯಲ್ಲಿ ತಾಯಿಯ ಅಡ್ಡಹೆಸರನ್ನೇ ಪಡೆಯುತ್ತಿತ್ತು. ಅಂತಹ ಮಗನಿಂದ ಬೆಳೆದ ಶಾಖೆ ಹೆಸರಿನ ದೃಷ್ಟಿಯಿಂದ ಹಳೆಯ ಮನೆತನದ್ದೇ, ತಾಯಿಯ ಕಡೆಯಿಂದ ರಕ್ತಸಂಬಂಧವೂ ನಿಜವೇ, ಆದರೆ ವೈ ವರ್ಣತಂತು ಮಾತ್ರ ಬೇರೆ. ಪರೀಕ್ಷೆಯಲ್ಲಿ ಇಂತಹ ಭಿನ್ನತೆ ಕಂಡಾಗ, ಆ ಶಾಖೆಯನ್ನು ಬಳಗದ ಎಣಿಕೆಯಿಂದ ಹೊರಗಿಡುವ ಮುನ್ನ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದೆಯೇ ಎಂದು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ನೋಡುತ್ತ ಹೋಗಬೇಕು.