ಪದ ಪರಿಚಯ: ಉತ್ಪಾದಕರ ವಿಸ್ತೃತ ಹೊಣೆಗಾರಿಕೆ

ಚನ್ನಪಟ್ಟಣದಲ್ಲಿ ಒಬ್ಬರು ಕುಶಲಕರ್ಮಿಗಳಿಂದ ಮರದ ಆಟಿಕೆಗಳನ್ನು ಕೊಂಡು ಆನ್‌ಲೈನ್‌ನಲ್ಲಿ ಮಾರುತ್ತಾರೆಂದು ಇಟ್ಟುಕೊಳ್ಳೋಣ. ಜರ್ಮನಿಯ ಲೈಪ್‌ಜಿಗ್ ನಗರದ ಗ್ರಾಹಕರೊಬ್ಬರಿಂದ ಒಂದು ಬುಗುರಿಗೆ ಬೇಡಿಕೆ ಬರುತ್ತದೆ. ಮಾರಾಟಗಾರರು ಬುಗುರಿಯನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಲುಗಾಡದಂತೆ ಗುಳ್ಳೆ ಪ್ಲಾಸ್ಟಿಕ್ ತುಂಬಿ, ಟೇಪು ಹಾಕಿ ಕಳಿಸುತ್ತಾರೆ. ಬುಗುರಿಯನ್ನು ಕಡೆದವರು ಬೇರೆ, ರಟ್ಟು ಮಾಡಿದ ಕಾರ್ಖಾನೆ ಬೇರೆ, ಪ್ಲಾಸ್ಟಿಕ್ ತಯಾರಾದ ಜಾಗ ಇನ್ನೂ ಬೇರೆ. ಹೀಗೆ ಈ ಮಾರಾಟಗಾರರು ತಮ್ಮ ಕೈಯಾರೆ ಏನನ್ನೂ ಉತ್ಪಾದಿಸಿಲ್ಲ. ಆದರೂ ಜರ್ಮನಿಯ ಕಾನೂನಿನ ಪ್ರಕಾರ ಆ ಪೆಟ್ಟಿಗೆಯ ‘ಉತ್ಪಾದಕರು’ ಇವರೇ, ಲೈಪ್‌ಜಿಗ್‌ನ ಮನೆಯಲ್ಲಿ ಆ ರಟ್ಟು ಕಸದ ಬುಟ್ಟಿ ಸೇರಿದಾಗ ಅದನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ವೆಚ್ಚವನ್ನು ಹೊರಬೇಕಾದವರೂ ಇವರೇ. ಈ ಏರ್ಪಾಡಿನ ಹೆಸರು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ. ವ್ಯಾಪಾರಿಗಳ ಮಾತಿನಲ್ಲಿ ಇದು ಇಪಿಆರ್, ಅಂದರೆ ‘ಎಕ್ಸ್‌ಟೆಂಡೆಡ್ ಪ್ರೊಡ್ಯೂಸರ್ ರೆಸ್ಪಾನ್ಸಿಬಿಲಿಟಿ’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.

ಮೊದಲು ಹೆಸರಿನ ಬಗ್ಗೆಯೇ ಎರಡು ಮಾತು ಹೇಳಬೇಕು. ಕನ್ನಡದಲ್ಲಿ ಕೆಲವರು ಇದನ್ನು ‘ಜವಾಬ್ದಾರಿ’ ಎಂದು, ಕೆಲವರು ‘ಹೊಣೆಗಾರಿಕೆ’ ಎಂದು ಬರೆಯುತ್ತಾರೆ. ಜವಾಬ್ದಾರ ಎಂದರೆ ಜವಾಬು ಕೊಡಬೇಕಾದವನು, ಅಂದರೆ ಕೇಳಿದಾಗ ಉತ್ತರ ಹೇಳಬೇಕಾದವನು. ಹೊಣೆ ಎಂಬ ನಮ್ಮ ಹಳೆಯ ಮಾತಿಗೆ ಜಾಮೀನು ಎಂಬ ಅರ್ಥವಿದೆ. ಮುಂದೆ ಬರಲಿರುವ ಋಣವೊಂದಕ್ಕೆ ಇಂದೇ ಮುಂದೆ ಬಂದು ನಿಲ್ಲುವುದನ್ನು ಹೊಣೆ ನಿಲ್ಲುವುದು ಎನ್ನುತ್ತೇವೆ. ಸರಕು ಮಾರುವ ಹೊತ್ತಿಗೇ, ಅದು ಕಸವಾದ ದಿನದ ಖರ್ಚನ್ನು ಕಟ್ಟಿಡುವ ಈ ಪದ್ಧತಿಗೆ ಎರಡನೆಯ ಮಾತೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ವಿಚಾರ ಪದಗಳ ಕ್ರಮದ್ದು. ‘ವಿಸ್ತೃತ ಉತ್ಪಾದಕರ ಹೊಣೆಗಾರಿಕೆ’ ಎಂದು ಬರೆದರೆ, ವಿಸ್ತಾರಗೊಂಡಿರುವುದು ಹೊಣೆಯಲ್ಲ, ಉತ್ಪಾದಕರು ಎಂಬ ಅರ್ಥ ಹೊಮ್ಮುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ತಪ್ಪು. ಆದರೆ ಆನ್‌ಲೈನ್ ಮಾರಾಟದ ವಿಷಯಕ್ಕೆ ಬಂದಾಗ ಆ ತಪ್ಪು ಓದಿನಲ್ಲೂ ಒಂದು ನಿಜ ಅಡಗಿದೆ. ಯುರೋಪಿನಲ್ಲಿ ಮೊದಲು ಹೊಣೆಯ ಅವಧಿ ವಿಸ್ತಾರವಾಯಿತು, ಆಮೇಲೆ ಉತ್ಪಾದಕ ಎಂಬ ಪದದ ವ್ಯಾಪ್ತಿಯೇ ವಿಸ್ತಾರವಾಯಿತು.

ಈ ಪರಿಕಲ್ಪನೆಗೆ ಹೆಸರು ಕೊಟ್ಟವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಿಂಡ್‌ಕ್ವಿಸ್ಟ್. 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಸಲ್ಲಿಸಿದ ವರದಿಯೊಂದರಲ್ಲಿ ಈ ಪದ ಬಂದಿತು. ಅಲ್ಲಿಯವರೆಗೆ ತಯಾರಕನ ಹೊಣೆ ಅಂಗಡಿಯ ಬಾಗಿಲಲ್ಲಿ, ಹೆಚ್ಚೆಂದರೆ ಗ್ಯಾರಂಟಿ ಅವಧಿಯ ಕೊನೆಯಲ್ಲಿ ಮುಗಿಯುತ್ತಿತ್ತು. ಕಸವಾದ ಮೇಲೆ ಅದು ನಗರಸಭೆಯ ತಲೆನೋವು, ಅಂದರೆ ಆ ವಸ್ತುವನ್ನು ಕೊಂಡವರ ಜೊತೆಗೆ ಕೊಳ್ಳದವರ ತೆರಿಗೆಯ ಹಣದಿಂದಲೂ ನಿಭಾಯಿಸಬೇಕಾದ ಕೆಲಸ. ಲಾಭ ಒಬ್ಬರಿಗೆ, ವಿಲೇವಾರಿಯ ಹೊರೆ ಊರಿಗೆಲ್ಲ ಎಂಬ ಈ ವ್ಯವಸ್ಥೆಯಲ್ಲಿ ಪ್ಯಾಕಿಂಗ್ ಕಡಿಮೆ ಮಾಡಲು ತಯಾರಕನಿಗೆ ಯಾವ ಕಾರಣವೂ ಇರಲಿಲ್ಲ. ಕಸದ ಖರ್ಚು ಅವನ ಲೆಕ್ಕಕ್ಕೇ ಬಂದರೆ, ವಸ್ತುವನ್ನು ವಿನ್ಯಾಸ ಮಾಡುವಾಗಲೇ ಅದರ ಅಂತ್ಯದ ಬಗ್ಗೆ ಅವನು ಯೋಚಿಸುತ್ತಾನೆ ಎಂಬುದು ಈ ವಿಚಾರದ ತಿರುಳು.

ಇದನ್ನು ದೊಡ್ಡ ಪ್ರಮಾಣದಲ್ಲಿ ಕಾನೂನಾಗಿ ಇಳಿಸಿದ ದೇಶ ಜರ್ಮನಿ. ಕ್ಲಾಸ್ ಟೋಪ್ಫರ್ ಪರಿಸರ ಸಚಿವರಾಗಿದ್ದಾಗ, 1991ರಲ್ಲಿ ಬಂದ ಪ್ಯಾಕಿಂಗ್ ನಿಯಮಾವಳಿಯು ತಯಾರಕರೂ ವ್ಯಾಪಾರಿಗಳೂ ಬಳಸಿದ ಪ್ಯಾಕಿಂಗನ್ನು ವಾಪಸು ಪಡೆಯಬೇಕೆಂದು ವಿಧಿಸಿತು. ಪ್ರತಿ ಅಂಗಡಿಯೂ ಖಾಲಿ ಡಬ್ಬಿಗಳನ್ನು ಗುಡ್ಡೆ ಹಾಕಿಕೊಳ್ಳುವುದು ಆಗದ ಮಾತು. ಇದನ್ನು ಮೊದಲೇ ಅರಿತ ಉದ್ಯಮಗಳು ಸೇರಿ, ಶುಲ್ಕ ಪಡೆದು ಮನೆಮನೆಯಿಂದ ಪ್ಯಾಕಿಂಗ್ ಕಸ ಸಂಗ್ರಹಿಸುವ ಸಂಸ್ಥೆಯೊಂದನ್ನು 1990ರಲ್ಲೇ ಕಟ್ಟಿಕೊಂಡಿದ್ದವು. ಎರಡು ಬಾಣಗಳು ಒಂದನ್ನೊಂದು ತಬ್ಬಿದಂತಿರುವ ‘ಹಸಿರು ಚುಕ್ಕೆ’ಯ ಗುರುತು ಅದರದೇ. ಆ ಗುರುತನ್ನು ಕಂಡವರಲ್ಲಿ ಬಹಳ ಮಂದಿ ‘ಇದು ಮರುಬಳಕೆಗೆ ಬರುವ ವಸ್ತು’ ಎಂದು ತಿಳಿಯುತ್ತಾರೆ. ಅದರ ನಿಜವಾದ ಅರ್ಥ ಇಷ್ಟೇ: ಈ ಪ್ಯಾಕಿಂಗಿನ ಸಂಗ್ರಹಣೆಗೆ ಯಾರೋ ಹಣ ಕಟ್ಟಿದ್ದಾರೆ.

ಹಣದ ಹಾದಿಯೂ ಅಂದಿನಿಂದ ಹೆಚ್ಚುಕಡಿಮೆ ಅದೇ ಆಗಿದೆ. ಉತ್ಪಾದಕರು ತಾವು ಒಂದು ದೇಶದ ಮಾರುಕಟ್ಟೆಗೆ ತಂದ ಕಾಗದ, ಪ್ಲಾಸ್ಟಿಕ್, ಗಾಜು, ಲೋಹಗಳ ತೂಕವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ, ಮಾನ್ಯತೆ ಪಡೆದ ಸಂಸ್ಥೆಗೆ ತೂಕದ ಆಧಾರದ ಮೇಲೆ ಶುಲ್ಕ ಕಟ್ಟುತ್ತಾರೆ. ಆ ಸಂಸ್ಥೆ ಸಂಗ್ರಹಣೆ, ವಿಂಗಡಣೆ, ಮರುಬಳಕೆಗಳನ್ನು ಮಾಡಿಸುತ್ತದೆ. ಈ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುವುದಿಲ್ಲವಾದ್ದರಿಂದ ಇದನ್ನು ತೆರಿಗೆ ಎನ್ನುವುದು ಸರಿಯಲ್ಲ. ಬಾಟಲಿ ಹಿಂದಿರುಗಿಸಿದಾಗ ಗ್ರಾಹಕನಿಗೆ ಮರಳುವ ಠೇವಣಿಯೂ ಇದಲ್ಲ. ಮರುಬಳಕೆ ಸುಲಭವಾದ ವಸ್ತುವಿಗೆ ಕಡಿಮೆ, ಕಷ್ಟವಾದುದಕ್ಕೆ ಹೆಚ್ಚು ಶುಲ್ಕ ವಿಧಿಸುವ ಕ್ರಮವನ್ನು 2018ರಲ್ಲಿ ತಿದ್ದುಪಡಿಯಾದ ಯುರೋಪಿಯನ್ ಒಕ್ಕೂಟದ ತ್ಯಾಜ್ಯ ನಿರ್ದೇಶನವು ಬಲಪಡಿಸಿತು. ಲಿಂಡ್‌ಕ್ವಿಸ್ಟ್ ಅವರ ಮೂಲ ಆಶಯ ಉಳಿದಿರುವುದು ಈ ಭಾಗದಲ್ಲಿ ಎಂದು ನನಗನ್ನಿಸುತ್ತದೆ. ಬರೀ ತೂಕಕ್ಕೆ ದುಡ್ಡು ಕಟ್ಟಿಸಿಕೊಂಡರೆ ಕಸ ಎತ್ತುವ ಕೆಲಸ ನಡೆಯುತ್ತದೆ, ವಿನ್ಯಾಸ ಬದಲಾಗುವುದಿಲ್ಲ.

ಇನ್ನು ಎರಡನೆಯ ವಿಸ್ತಾರಕ್ಕೆ ಬರೋಣ. 1991ರ ಏರ್ಪಾಡು ಒಂದು ಊಹೆಯ ಮೇಲೆ ನಿಂತಿತ್ತು: ಸರಕು ದೇಶದೊಳಗೆ ಒಬ್ಬ ತಯಾರಕನಿಂದಲೋ ಆಮದುದಾರನಿಂದಲೋ ಬರುತ್ತದೆ, ಅವನ ವಿಳಾಸ ದೇಶದೊಳಗೇ ಇರುತ್ತದೆ, ಕಾನೂನು ಅವನ ಬಾಗಿಲು ತಟ್ಟಬಹುದು. ಆನ್‌ಲೈನ್ ಮಾರಾಟ ಈ ಊಹೆಯನ್ನು ಮುರಿಯಿತು. ಚೀನಾದ ಶೆನ್‌ಜೆನ್‌ನಿಂದಲೋ ಚನ್ನಪಟ್ಟಣದಿಂದಲೋ ಹೊರಟ ಪೊಟ್ಟಣ ನೇರವಾಗಿ ಗ್ರಾಹಕನ ಮನೆಗೆ ಹೋಗುವಾಗ ನಡುವೆ ಆಮದುದಾರ ಎಂಬವನೇ ಇಲ್ಲ. ಕಸ ಮಾತ್ರ ಆ ದೇಶದಲ್ಲೇ ಉಳಿಯುತ್ತದೆ, ಅದರ ಖರ್ಚನ್ನು ನಿಯಮ ಪಾಲಿಸುವ ಸ್ಥಳೀಯ ಅಂಗಡಿಯವರು ತಮ್ಮ ಶುಲ್ಕದ ಜೊತೆಗೆ ಹೊರುತ್ತಾರೆ. ಕೆರೆಯ ಹೂಳೆತ್ತುವ ದಿನ ಗುದ್ದಲಿ ಹಿಡಿಯದೆ, ಗದ್ದೆಗೆ ನೀರು ಬಿಡುವ ದಿನ ಮಾತ್ರ ಬಂದು ನಿಲ್ಲುವವರಿಂದ ಹಳ್ಳಿಯಲ್ಲಿ ಎಂಥ ಜಗಳವಾಗುತ್ತದೋ ಅಂಥದೇ ತಕರಾರು ಅಲ್ಲಿ ಎದ್ದಿತು.

ಕಾನೂನು ಇದಕ್ಕೆ ಕೊಟ್ಟ ಉತ್ತರ ಉತ್ಪಾದಕ ಎಂಬ ಪದದ ವ್ಯಾಖ್ಯೆಯಲ್ಲಿದೆ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ತ್ಯಾಜ್ಯದ ಕುರಿತ 2012ರ ನಿರ್ದೇಶನವು, ಇನ್ನೊಂದು ಸದಸ್ಯ ದೇಶದಲ್ಲೋ ಒಕ್ಕೂಟದ ಹೊರಗೋ ಇದ್ದುಕೊಂಡು ದೂರಸಂವಹನದ ಮೂಲಕ ನೇರವಾಗಿ ಬಳಕೆದಾರರಿಗೆ ಮಾರುವವರನ್ನೂ ಉತ್ಪಾದಕರೆಂದೇ ಹೆಸರಿಸಿತು. ಹೀಗೆ ‘ಮಾಡಿದವನು’ ಎಂಬ ಸಹಜ ಅರ್ಥ ಹಿಂದೆ ಸರಿದು, ‘ಒಂದು ದೇಶದ ಮಾರುಕಟ್ಟೆಗೆ ಮೊಟ್ಟಮೊದಲು ತಂದವನು’ ಎಂಬ ಅರ್ಥ ಮುಂದೆ ಬಂದಿತು. ನಮ್ಮ ಬುಗುರಿಯ ಮಾತಿಗೇ ಬಂದರೆ, ಹ್ಯಾಂಬರ್ಗಿನ ಸಗಟು ವ್ಯಾಪಾರಿಯೊಬ್ಬ ಸಾವಿರ ಬುಗುರಿಗಳನ್ನು ತಾನೇ ಆಮದು ಮಾಡಿಕೊಂಡು ಮಾರಿದಾಗ ಉತ್ಪಾದಕ ಅವನು. ಅದೇ ಬುಗುರಿಯನ್ನು ಚನ್ನಪಟ್ಟಣದವರು ನೇರವಾಗಿ ಗ್ರಾಹಕರಿಗೆ ಕಳಿಸಿದಾಗ ಉತ್ಪಾದಕರು ಇವರು. ವಸ್ತು ಬದಲಾಗಿಲ್ಲ, ಮಾರಾಟದ ದಾರಿ ಬದಲಾಗಿದೆ.

ವ್ಯಾಖ್ಯೆ ಬದಲಾದ ಮಾತ್ರಕ್ಕೆ ದೂರದ ಮಾರಾಟಗಾರರು ಬಂದು ಹೆಸರು ಬರೆಸಲಿಲ್ಲ. ಸಾವಿರಾರು ಮೈಲಿ ಆಚೆ ಇರುವವರಿಗೆ ನೋಟಿಸು ಕಳಿಸಿ ದಂಡ ವಸೂಲು ಮಾಡುವುದು ಯಾವ ಇಲಾಖೆಗೂ ಸುಲಭವಲ್ಲ. ನಿಜವಾದ ತಿರುವು ಬಂದದ್ದು, ಮಾರಾಟ ನಡೆಯುವ ವೇದಿಕೆಗಳನ್ನೇ ಕಾವಲಿಗೆ ನಿಲ್ಲಿಸಿದಾಗ. ಫ್ರಾನ್ಸ್ 2020ರ ಫೆಬ್ರುವರಿ 10ರ ದುಂದುಗಾರಿಕೆ ತಡೆ ಕಾನೂನಿನ ಮೂಲಕ, 2022ರ ಜನವರಿ 1ರಿಂದ ಆನ್‌ಲೈನ್ ಮಾರುಕಟ್ಟೆಗಳಿಗೆ ಈ ಹೊಣೆ ಹೊರಿಸಿತು. ಮಾರಾಟಗಾರರು ತಮ್ಮ ವಿಶಿಷ್ಟ ನೋಂದಣಿ ಸಂಖ್ಯೆಯನ್ನು ತೋರಿಸಬೇಕು, ತೋರಿಸದಿದ್ದರೆ ಅವರ ಪಾಲಿನ ಹೊಣೆಯನ್ನು ಆ ಮಾರುಕಟ್ಟೆಯೇ ಹೊರಬೇಕು. ಜರ್ಮನಿ ಇನ್ನೂ ಬಿಗಿಯಾದ ದಾರಿ ಹಿಡಿಯಿತು. 2019ರ ಜನವರಿ 1ರಂದು ಜಾರಿಗೆ ಬಂದ ಅದರ ಪ್ಯಾಕಿಂಗ್ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ, 2022ರ ಜುಲೈ 1ರಿಂದ ನೋಂದಣಿಯಿಲ್ಲದ ಮಾರಾಟಗಾರರ ಸರಕನ್ನು ವೇದಿಕೆಗಳು ಮಾರಾಟಕ್ಕಿಡುವಂತಿಲ್ಲ. ಮಾರಾಟಗಾರರ ಪರವಾಗಿ ಸರಕು ಇರಿಸಿಕೊಂಡು ಕಟ್ಟಿ ಕಳಿಸುವ ಗೋದಾಮುಗಳೂ ಅಂಥವರಿಗೆ ಸೇವೆ ಕೊಡುವಂತಿಲ್ಲ. ವಿದ್ಯುತ್ ಉಪಕರಣಗಳಿಗೂ ಇಂಥದೇ ತಪಾಸಣೆ 2023ರ ಜುಲೈ 1ರಿಂದ ಬಂದಿತು.

ಜರ್ಮನಿಯ ಪ್ಯಾಕಿಂಗ್ ನೋಂದಣಿ ಓಸ್ನಾಬ್ರೂಕ್ ನಗರದ ಕೇಂದ್ರೀಯ ಸಂಸ್ಥೆಯೊಂದು ನಡೆಸುವ ‘ಲೂಸಿಡ್’ ಎಂಬ ದಾಖಲೆಯಲ್ಲಿ ಆಗುತ್ತದೆ. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಲೂಸಿಡ್‌ನಲ್ಲಿ ಹೆಸರು ಬರೆಸುವುದು ಉಚಿತ, ಆದರೆ ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಕಸ ಸಂಗ್ರಹಿಸುವ ಮಾನ್ಯ ವ್ಯವಸ್ಥೆಗಳಲ್ಲಿ ಒಂದರೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಶುಲ್ಕ ಕಟ್ಟಬೇಕು, ಅಲ್ಲಿ ಹೇಳಿದ ತೂಕವನ್ನೇ ಲೂಸಿಡ್‌ನಲ್ಲೂ ನಮೂದಿಸಬೇಕು. ‘ನಾವು ವರ್ಷಕ್ಕೆ ಹತ್ತೇ ಪೊಟ್ಟಣ ಕಳಿಸುವವರು’ ಎಂಬ ವಿನಾಯಿತಿ ಜರ್ಮನಿಯಲ್ಲಿಲ್ಲ, ಮೊದಲ ಪೊಟ್ಟಣದಿಂದಲೇ ನಿಯಮ ಅನ್ವಯಿಸುತ್ತದೆ. ತಪ್ಪಿದರೆ 2 ಲಕ್ಷ ಯೂರೊವರೆಗೆ ದಂಡ ಬೀಳಬಹುದು. ದಾಖಲೆಯಲ್ಲಿರುವ ಹೆಸರುಗಳನ್ನು ಯಾರು ಬೇಕಾದರೂ ಹುಡುಕಿ ನೋಡಬಹುದಾದ್ದರಿಂದ, ಯಾರು ನೋಂದಾಯಿಸಿಲ್ಲ ಎಂಬುದು ಪ್ರತಿಸ್ಪರ್ಧಿಗಳಿಗೂ ಗೊತ್ತಾಗುತ್ತದೆ.

ಪ್ಯಾಕಿಂಗ್ ಒಂದು ವರ್ಗ ಮಾತ್ರ. ಬುಗುರಿಯ ಬದಲು ಬೆಳಕು ಬೀರುವ, ಹಾಡುವ ಆಟಿಕೆಯನ್ನು ಕಳಿಸಿದರೆ ಅದು ವಿದ್ಯುತ್ ಉಪಕರಣಗಳ ವರ್ಗಕ್ಕೂ ಸೇರುತ್ತದೆ, ಒಳಗಿನ ಸೆಲ್ಲಿಗೆ ಬ್ಯಾಟರಿಯ ನಿಯಮ ಬೇರೆಯೇ ಇದೆ. ಹೀಗೆ ಒಂದೇ ಪೆಟ್ಟಿಗೆಗೆ ಮೂರು ಹೊಣೆ. ಅದನ್ನೇ ಫ್ರಾನ್ಸಿನ ಲಿಯೋನ್‌ಗೆ ಕಳಿಸಿದರೆ, ಅಲ್ಲಿ ಆಟಿಕೆಗಳದೇ ಒಂದು ವರ್ಗವಿರುವುದರಿಂದ ಬ್ಯಾಟರಿಯಿಲ್ಲದ ಮರದ ಬುಗುರಿಯೂ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯ ನೋಂದಣಿ ಫ್ರಾನ್ಸಿನಲ್ಲಿ ನಡೆಯುವುದಿಲ್ಲ, ಫ್ರಾನ್ಸಿನದು ಸ್ಪೇನಿನಲ್ಲಿ ನಡೆಯುವುದಿಲ್ಲ. ಮೌಲ್ಯವರ್ಧಿತ ತೆರಿಗೆಗೆ 2021ರ ಜುಲೈ 1ರಿಂದ ಒಕ್ಕೂಟದಾದ್ಯಂತ ಏಕಗವಾಕ್ಷಿ ವ್ಯವಸ್ಥೆ ಇದೆ, ಕಸದ ಹೊಣೆಗೆ ಅಂಥದು ಇಲ್ಲ. ಈ ಪದ್ಧತಿಯ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೆಲವೇ ಯೂರೊಗಳ ಶುಲ್ಕ ಕಟ್ಟಲು ದೇಶದೇಶಕ್ಕೆ ಬೇರೆ ಅರ್ಜಿ, ಬೇರೆ ಭಾಷೆ, ಕೆಲವೆಡೆ ಹಣ ಕೊಟ್ಟು ನೇಮಿಸಬೇಕಾದ ಅಧಿಕೃತ ಪ್ರತಿನಿಧಿ ಬೇಕಾಗುವುದು ದೊಡ್ಡ ಕಂಪನಿಗೆ ಸಣ್ಣ ಖರ್ಚು, ಒಬ್ಬಂಟಿ ಕುಶಲಕರ್ಮಿಗೆ ಮಾರಾಟವನ್ನೇ ನಿಲ್ಲಿಸುವಷ್ಟು ದೊಡ್ಡ ಖರ್ಚು. ಯುರೋಪಿನೊಳಗಿನ ಸಣ್ಣ ಮಾರಾಟಗಾರರದೂ ಇದೇ ದೂರು. ಅದು ನ್ಯಾಯವಾದ ದೂರು.

ಅಧಿಕೃತ ಪ್ರತಿನಿಧಿ ಎಂದಾಗ ಒಂದು ಗೊಂದಲವನ್ನು ಬಿಡಿಸಬೇಕು. 2024ರ ಡಿಸೆಂಬರ್ 13ರಿಂದ ಅನ್ವಯವಾಗುತ್ತಿರುವ ಒಕ್ಕೂಟದ ಉತ್ಪನ್ನ ಸುರಕ್ಷತಾ ನಿಯಮವೂ, ಸರಕಿಗೆ ಒಕ್ಕೂಟದೊಳಗೆ ಒಬ್ಬ ಜವಾಬ್ದಾರ ವ್ಯಕ್ತಿ ಇರಬೇಕೆನ್ನುತ್ತದೆ. ಆ ವ್ಯಕ್ತಿ ವಸ್ತುವಿನ ಸುರಕ್ಷತೆಯ ಬಗ್ಗೆ ಉತ್ತರ ಕೊಡುವವನು. ಕಸದ ಹೊಣೆಯ ಪ್ರತಿನಿಧಿ ನೋಂದಣಿ, ಲೆಕ್ಕ, ಶುಲ್ಕಗಳನ್ನು ನೋಡಿಕೊಳ್ಳುವವನು. ಒಬ್ಬರನ್ನು ನೇಮಿಸಿದರೆ ಇನ್ನೊಬ್ಬರನ್ನು ನೇಮಿಸಿದಂತಾಗುವುದಿಲ್ಲ.

ಭಾರತದ ಓದುಗರಿಗೆ ಈ ಪರಿಕಲ್ಪನೆ ಪೂರ್ತಿ ಹೊಸದೇನಲ್ಲ. ನಮ್ಮಲ್ಲಿ 2011ರ ಇ-ತ್ಯಾಜ್ಯ ನಿಯಮಗಳಲ್ಲೇ ಇದು ಕಾಣಿಸಿಕೊಂಡಿತು, ಪ್ಲಾಸ್ಟಿಕ್ ಪ್ಯಾಕಿಂಗಿಗೆ 2022ರ ಫೆಬ್ರುವರಿಯಲ್ಲಿ ವಿವರವಾದ ಮಾರ್ಗಸೂಚಿ ಬಂದಿತು. ಆ ಮಾರ್ಗಸೂಚಿ ಉತ್ಪಾದಕ, ಆಮದುದಾರ, ಬ್ರಾಂಡ್ ಮಾಲೀಕ ಎಂದು ಬೇರೆಬೇರೆ ಹೆಸರುಗಳಿಂದ ಕರೆಯುತ್ತದೆ. ಯುರೋಪ್ ಇವರನ್ನೆಲ್ಲ, ದೂರದಿಂದ ಮಾರುವವರನ್ನೂ ಸೇರಿಸಿ, ಉತ್ಪಾದಕ ಎಂಬ ಒಂದೇ ಪದದೊಳಗೆ ಇಟ್ಟಿದೆ. ಇಲ್ಲಿನ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿನ ಅರ್ಜಿ ತುಂಬುವವರು ‘ನಾನು ಉತ್ಪಾದಕನಲ್ಲ’ ಎಂದು ಗುರುತು ಹಾಕುವ ಅಪಾಯ ಇರುವುದು ಇದರಿಂದಲೇ.

ಪದದ ವ್ಯಾಪ್ತಿ ಇನ್ನೂ ಬೆಳೆಯುತ್ತಿದೆ. 2023ರ ಬ್ಯಾಟರಿ ನಿಯಮದಲ್ಲಿ ಉತ್ಪಾದಕರ ಹೊಣೆಯ ಭಾಗ 2025ರ ಆಗಸ್ಟ್ 18ರಿಂದ ಜಾರಿಯಾಗಿದೆ. ದೇಶಕ್ಕೊಂದು ರೀತಿಯಲ್ಲಿದ್ದ ಪ್ಯಾಕಿಂಗ್ ಕಾನೂನುಗಳ ಮೇಲೆ ಒಕ್ಕೂಟಕ್ಕೆಲ್ಲ ನೇರವಾಗಿ ಅನ್ವಯಿಸುವ ನಿಯಮಾವಳಿ 2025ರ ಫೆಬ್ರುವರಿ 11ರಂದು ಜಾರಿಗೆ ಬಂದಿತು, ಅದು ಅನ್ವಯವಾಗಲು ಗೊತ್ತುಪಡಿಸಿದ ದಿನ 2026ರ ಆಗಸ್ಟ್ 12. ಆನ್‌ಲೈನ್ ಮಾರಾಟದ ಪೆಟ್ಟಿಗೆಗಳಲ್ಲಿ ಖಾಲಿ ಜಾಗ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬ 2030ರ ಗುರಿಯೂ ಅದರಲ್ಲಿದೆ, ಪೆಟ್ಟಿಗೆಯೊಳಗೆ ತುಂಬಿದ ಗುಳ್ಳೆ ಪ್ಲಾಸ್ಟಿಕ್ಕನ್ನೂ ಖಾಲಿ ಜಾಗವೆಂದೇ ಎಣಿಸಲಾಗುತ್ತದೆ.

ಮುಂದಿನ ಸರದಿ ಬಟ್ಟೆಯದು. ಫ್ರಾನ್ಸ್ 2007ರಷ್ಟು ಹಿಂದೆಯೇ ಉಡುಪು, ಪಾದರಕ್ಷೆಗಳನ್ನು ಈ ಹೊಣೆಯೊಳಗೆ ತಂದಿತ್ತು. 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅದೀಗ ಒಕ್ಕೂಟದ ಎಲ್ಲ ದೇಶಗಳಿಗೂ ಕಡ್ಡಾಯವಾಗಿದೆ, ವ್ಯವಸ್ಥೆ ಕಟ್ಟಲು ಅವುಗಳಿಗೆ 30 ತಿಂಗಳ, ಅಂದರೆ 2028ರ ಏಪ್ರಿಲ್‌ವರೆಗಿನ ಗಡುವಿದೆ. ತೀರಾ ಸಣ್ಣ ಉದ್ಯಮಗಳಿಗೆ ಇನ್ನೊಂದು ವರ್ಷ ಹೆಚ್ಚು ಸಿಗುತ್ತದೆ. ಇಳಕಲ್ಲಿನಿಂದ ಸೀರೆಯನ್ನೋ ಬೆಂಗಳೂರಿನಿಂದ ಅಂಗಿಯನ್ನೋ ಯುರೋಪಿನ ಗ್ರಾಹಕರಿಗೆ ನೇರವಾಗಿ ಕಳಿಸುವವರು ಈವರೆಗೆ ಬಹುತೇಕ ದೇಶಗಳಲ್ಲಿ ಪೆಟ್ಟಿಗೆಗೆ ಮಾತ್ರ ಉತ್ಪಾದಕರಾಗಿದ್ದರು. ಹೊಸ ವ್ಯವಸ್ಥೆ ಬಂದಾಗ ಒಳಗಿನ ಬಟ್ಟೆಗೂ ಅವರೇ ಉತ್ಪಾದಕರಾಗುತ್ತಾರೆ, ನೇಯ್ದವರು ಬೇರೆಯವರಾಗಿದ್ದರೂ.