ಮರೆವು ಹೊಕ್ಕ ಮನೆಗೆ ಕಲಿತ ಕೈ ಬೇಕು

ಮನೆಯ ಹಿರಿಯರಿಗೆ ನೆನಪು, ಬುದ್ಧಿಶಕ್ತಿ ಕುಂದಿಸುವ ಡಿಮೆನ್ಶಿಯಾ ಎಂದು ಗೊತ್ತಾಗಿ, ಮನೆಯವರ ಕೈ ಸೋತಾಗ ಕಾರವಾರದಿಂದ ಭಟ್ಕಳದವರೆಗೆ ಎಲ್ಲರೂ ಹುಡುಕುವುದು ‘ಹೋಮ್ ನರ್ಸ್’. ರೋಗಿ ನಡೆಯುತ್ತಾರೋ ಇಲ್ಲವೋ, ಡಯಾಪರ್ ಇದೆಯೋ ಎಂದಷ್ಟೇ ಕೇಳಿ ಏಜೆನ್ಸಿಯವರು ಒಬ್ಬಳನ್ನು ಕಳಿಸುತ್ತಾರೆ. ಊಟ ಮಾಡಿಸಲು, ಮೈ ಒರೆಸಲು ಅವಳಿಗೆ ಗೊತ್ತು. ಆದರೆ ಸಂಜೆ ಐದಕ್ಕೆ ಅಜ್ಜ ಚೀಲ ಹಿಡಿದು, ‘ನಾ ಮನೆಗೆ ಹೋಗ್ತೆ’ ಎಂದು ತನ್ನದೇ ಮನೆಯ ಗೇಟಿನತ್ತ ಹೊರಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಗಳಿಗೆಯನ್ನು ನಿಭಾಯಿಸುವುದಕ್ಕೂ ವಿಜ್ಞಾನದ ಆಧಾರವಿದೆ, ಅದನ್ನು ಯಾರಿಗೆ ಬೇಕಾದರೂ ಕಲಿಸಬಹುದು.

ಸಂಜೆಯ ಈ ಚಡಪಡಿಕೆ ಹಟವಲ್ಲ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಎರಡು ಪುಟ್ಟ ನರಕೋಶದ ಗೊಂಚಲುಗಳು ಕಣ್ಣಿಗೆ ಬಿದ್ದ ಬೆಳಕನ್ನು ನೋಡಿ ಮೈಗೆ ಹಗಲು-ರಾತ್ರಿಯ ಸುಳಿವು ಕೊಡುತ್ತವೆ. ಡಿಮೆನ್ಶಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಅವನ್ನೂ ಸವೆಸುತ್ತದೆ. ದಿನದ ದಣಿವು, ಉದ್ದವಾಗುವ ನೆರಳು ಅದಕ್ಕೆ ಸೇರಿಕೊಳ್ಳುತ್ತವೆ. ನಮ್ಮ ಕರಾವಳಿಯಲ್ಲಂತೂ ಆಷಾಢದ ಮೋಡಕ್ಕೆ ನಾಲ್ಕು ಗಂಟೆಗೇ ಮನೆ ಕತ್ತಲಾಗುತ್ತದೆ, ಕರೆಂಟೂ ಕೈಕೊಡುತ್ತದೆ. ಹಾಗಾಗಿ ಬಲ್ಲ ಆರೈಕೆದಾರರು ಬೆಳಿಗ್ಗೆ ಅಜ್ಜನನ್ನು ಬಯಲ ಬೆಳಕು ಬೀಳುವಂತೆ ಜಗಲಿಯಲ್ಲಿ ಕೂರಿಸುತ್ತಾರೆ, ಮಧ್ಯಾಹ್ನದ ನಿದ್ದೆಯನ್ನು ಚಿಕ್ಕದು ಮಾಡುತ್ತಾರೆ, ಕತ್ತಲು ಕವಿಯುವ ಮೊದಲೇ ದೀಪ ಹಾಕುತ್ತಾರೆ.

ಗೇಟಿನ ಹತ್ತಿರ ಹೋದವರೊಂದಿಗೆ ‘ಇದೇ ನಿಮ್ಮ ಮನೆ ಅಲ್ವಾ’ ಎಂದು ವಾದಕ್ಕೆ ನಿಂತರೆ ಪ್ರಯೋಜನವಿಲ್ಲ. ಹೊಸ ಸಂಗತಿಯನ್ನು ನೆನಪಾಗಿ ಕಟ್ಟಿಡುವ ಹಿಪೊಕ್ಯಾಂಪಸ್ ಈ ಕಾಯಿಲೆಯಲ್ಲಿ ಮೊದಮೊದಲೇ ಹಾಳಾಗುತ್ತದೆ. ಆದರೆ ಭಾವ ಹಾಗೆ ಅಳಿಯುವುದಿಲ್ಲ. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಇರುವವರಿಗೆ ಅಳಿಸುವ, ನಗಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ತುಣುಕಿನ ವಿವರ ಹೆಚ್ಚುಕಮ್ಮಿ ಮರೆತೇಹೋಯಿತು, ದುಃಖವೋ ಸಂತೋಷವೋ ಮಾತ್ರ ಉಳಿದಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪ್ರತಿ ಹೋಮ್ ನರ್ಸ್‌ಗೂ ಮೊದಲ ಪಾಠವಾಗಿ ಹೇಳಬೇಕು. ಬೈದದ್ದು ಯಾಕೆಂದು ಅಜ್ಜನಿಗೆ ನೆನಪಿರುವುದಿಲ್ಲ, ಬೈಸಿಕೊಂಡ ಸಂಕಟ ಎದೆಯಲ್ಲಿ ಕೂತಿರುತ್ತದೆ. ‘ಹೋಗುವಾ ಅಜ್ಜ, ಚಾ ಕುಡ್ಕಂಡು ಹೋಗುವಾ’ ಎಂದು ಜೊತೆಗೆ ಅಂಗಳ ಸುತ್ತಿ, ಆ ಹಳೆಯ ಮನೆಯಲ್ಲಿ ಎಷ್ಟು ದನ ಇದ್ದವು ಎಂದು ಕೇಳುವವಳು ಅಜ್ಜನನ್ನು ಮೋಸ ಮಾಡುತ್ತಿಲ್ಲ. ಅವರು ಹುಡುಕುತ್ತಿರುವ ನೆಮ್ಮದಿಯನ್ನು ಇದ್ದಲ್ಲೇ ಕೊಡುತ್ತಿದ್ದಾಳೆ.

ಕೈಗೆ ಬಂದ ಕೆಲಸದ ನೆನಪು ಇರುವ ಜಾಗವೇ ಬೇರೆ. ಅದನ್ನು ಹೆಚ್ಚಾಗಿ ನೋಡಿಕೊಳ್ಳುವುದು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಭಾಗದ ಸೆರೆಬೆಲಮ್. ಆಲ್ಝೈಮರ್‌ನಲ್ಲಿ ಇವು ಬಹಳ ದಿನ ಉಳಿಯುತ್ತವೆ. ಅಂಕೋಲೆಯ ಒಂದು ಮನೆಯಲ್ಲಿ ಮಗಳ ಹೆಸರು ಹೇಳಲಾಗದ ಅಮ್ಮನೊಬ್ಬರನ್ನು ಕಂಡೆ. ಮೊರದಲ್ಲಿ ಅಬ್ಬಲಿಗೆ ಹೂ, ನೆನೆಸಿದ ಬಾಳೆನಾರು ಇಟ್ಟದ್ದೇ ತಡ, ಅವರ ಬೆರಳು ತಾನಾಗಿ ದಂಡೆ ಕಟ್ಟಲು ಶುರುಮಾಡಿತು. ಎರಡು ಹೂ ಆಚೆ, ಎರಡು ಹೂ ಈಚೆ, ನಾರಿನ ಒಂದು ಸುತ್ತು, ಒಂದು ಬಿಗಿತ. ಆ ಹೊತ್ತಿನಲ್ಲಿ ಅವರು ಯಾರನ್ನೂ ಕರೆಯಲಿಲ್ಲ, ಎದ್ದು ಓಡಲಿಲ್ಲ. ಶಿರಸಿ ಕಡೆ ಜೀವನವಿಡೀ ಅಡಿಕೆ ಸುಲಿದವರಿಗೆ ಮೆಟ್ಟುಗತ್ತಿ ಕೊಡಲಾಗದು, ಸುಲಿದ ಅಡಿಕೆ ಆರಿಸಲು ಕೊಡಬಹುದು. ಯಾವ ಕೈಗೆ ಯಾವ ಕೆಲಸ ಎಂದು ಕಂಡುಕೊಳ್ಳುವುದು ಆರೈಕೆಯ ದೊಡ್ಡ ಪಾಲು.

ಸ್ನಾನ ಇನ್ನೊಂದು ಯುದ್ಧ. ಡಿಮೆನ್ಶಿಯಾದಲ್ಲಿ ಆಳ-ಅಂತರ ಅಳೆಯುವ ಶಕ್ತಿ ಕುಂದಬಹುದು. ಬಚ್ಚಲ ಬಾಗಿಲಿನ ಕಪ್ಪು ಕಾಲೊರೆಸು ಆಗ ಹೊಂಡದಂತೆ ಕಾಣುತ್ತದೆ. ಅದನ್ನು ತೆಗೆದು, ಹೆಗಲ ಮೇಲೊಂದು ಟವೆಲ್ ಹೊದಿಸಿ, ಮೊದಲು ಪಾದಕ್ಕೆ ಬೆಚ್ಚಗಿನ ನೀರು ಹಾಕಿ ಒಂದೊಂದೇ ಮಾತು ಹೇಳುತ್ತ ಹೋದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಗೊಂದಲ ಒಂದೆರಡು ದಿನದಲ್ಲೇ ಏಕಾಏಕಿ ಜಾಸ್ತಿಯಾದರೆ ಅದು ‘ಕಾಯಿಲೆ ಮುಂದೆ ಹೋಯಿತು’ ಎಂದು ಬಿಡುವ ಸಂಗತಿಯಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾದದ್ದು, ಹೊಸ ಮಾತ್ರೆ ಇವು ಅದಕ್ಕೆ ಸಾಮಾನ್ಯ ಕಾರಣಗಳು. ನೆಗಡಿಗೆಂದು ಅಂಗಡಿಯಲ್ಲಿ ಕೊಡುವ ಕ್ಲೋರ್‌ಫೆನಿರಮಿನ್, ನೆನಪಿಗೆ ಬೇಕಾದ ಮಿದುಳಿನ ರಾಸಾಯನಿಕ ಅಸೆಟೈಲ್‌ಕೋಲಿನ್‌ಗೆ ತಡೆಯೊಡ್ಡುತ್ತದೆ. ಮರೆವಿಗೆ ಕೊಡುವ ಡೊನೆಪೆಝಿಲ್ ಹೆಚ್ಚಿಸಲು ನೋಡುವುದು ಅದನ್ನೇ. ನಿದ್ದೆ ಬರಲಿ, ಸುಮ್ಮನಿರಲಿ ಎಂದು ಮನೋರೋಗದ ಮಾತ್ರೆ ಕೇಳುವ ಮನೆಗಳೂ ಇವೆ. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಅವು ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ವೈದ್ಯರು ಬೇರೆ ದಾರಿಯಿಲ್ಲವೆಂದು ಬರೆದಾಗ ಮಾತ್ರ, ಹೇಳಿದಷ್ಟೇ ದಿನ ಅವನ್ನು ಕೊಡಬೇಕು.

ನಮ್ಮ ಕಡೆ ಭಾಷೆಯ ಪ್ರಶ್ನೆಯೂ ಇದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತವರು ಕಾಯಿಲೆ ಬಲಿತಾಗ ಕೊಂಕಣಿಗೇ ಮರಳುವುದುಂಟು. ಆಗ ಕನ್ನಡವಷ್ಟೇ ಬಲ್ಲ ಆರೈಕೆದಾರಳಿಗೆ ಅವರ ‘ಉದಾಕ್’ ನೀರಿನ ಬೇಡಿಕೆಯೆಂದು ತಿಳಿಯದೆ ಹೋಗಬಹುದು. ಮೊದಲು ಕಲಿತ ಮಾತು ಯಾವುದೆಂದು ಕೇಳಿಯೇ ಜನ ಕಳಿಸಬೇಕು.

ಇದೆಲ್ಲ ದೊಡ್ಡ ಆಸ್ಪತ್ರೆಯಿರುವ ಊರಿಗಷ್ಟೇ ಸಾಧ್ಯ ಎಂದುಕೊಳ್ಳಬೇಕಿಲ್ಲ. ನರರೋಗ ತಜ್ಞರಿಗಾಗಿ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಓಡಾಡುವ ನಮಗೆ ಆ ಗೋವಾದಿಂದಲೇ ಒಂದು ಪಾಠವಿದೆ. ಅಲ್ಲಿ 81 ಕುಟುಂಬಗಳನ್ನು ಒಳಗೊಂಡ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಸ್ಥಳೀಯರಿಗೆ ತರಬೇತಿ ಕೊಟ್ಟು, ಆರು ತಿಂಗಳ ಕಾಲ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮನೆಗೆ ಕಳಿಸಿದರು. ಕಾಯಿಲೆಯ ಬಗ್ಗೆ ತಿಳಿಹೇಳುವುದು, ರಂಪಾಟ ನಿಭಾಯಿಸಲು ಕಲಿಸುವುದು ಅವರ ಕೆಲಸ, ಬೇಕಾದಾಗ ಮನೋವೈದ್ಯರ ನೆರವು. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು. ಡಾಕ್ಟರು ದೂರವಿರುವ ಹೊನ್ನಾವರದ ಹಳ್ಳಿಗೂ ಯಲ್ಲಾಪುರದ ಕಾಡಂಚಿನ ಮನೆಗೂ ಇಂಥ ಏರ್ಪಾಟೇ ಬೇಕು, ಜಿಲ್ಲೆ ಅದನ್ನು ಕೇಳಿ ಪಡೆಯಬೇಕು.

ಅಲ್ಲಿಯವರೆಗೆ, ಹೊಸಬಳು ಬಂದ ದಿನವೇ ಒಂದು ಹಾಳೆ ಬರೆದುಕೊಡಿ: ಹಿರಿಯರನ್ನು ಏನೆಂದು ಕರೆದರೆ ಓಗೊಡುತ್ತಾರೆ, ಯಾವ ಮಾತು, ಯಾವ ಕೆಲಸ ಕೈಗೆ ಬರುತ್ತದೆ, ನೀರು-ಚಾ ಕುಡಿಯುವಾಗ ಕೆಮ್ಮುತ್ತಾರೆಯೇ, ಬಾವಿಕಟ್ಟೆಯ ಬಾಗಿಲಿನ ಚಿಲಕ ಎಲ್ಲಿದೆ. ರಾತ್ರಿಯೆಲ್ಲ ಎದ್ದಿದ್ದವಳಿಗೆ ಹಗಲು ನಿದ್ದೆಯ ಹೊತ್ತನ್ನೂ ವಾರದ ರಜೆಯನ್ನೂ ಸಂಬಳ ಮಾತಾಡುವಾಗಲೇ ಗೊತ್ತುಮಾಡಿ, ಆ ದಿನ ಅಜ್ಜನ ಜೊತೆ ಯಾರು ಇರುತ್ತಾರೆಂದು ಮನೆಯವರು ಕೂತು ಹಂಚಿಕೊಳ್ಳಿ.