ಟೊಮೆಟೊ ಕತ್ತರಿಸದೆ ಅಳೆಯುವಾಗ ಬೆಳಕಿಗೆ ಕಾಣುವುದೇನು?

ಬೆಳಕು ಹಾಯಿಸಿ ಲೈಕೋಪೀನ್, ಸಕ್ಕರೆ, ವಿಟಮಿನ್ ಸಿ ಮೂರನ್ನೂ ಅಳೆಯಬಹುದು ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ಆದರೆ ಮೂರೂ ಒಂದೇ ಬಗೆಯ ಅಳತೆಯಲ್ಲ.

ಲೈಕೋಪೀನ್ ನೇರವಾಗಿ ಕಾಣುತ್ತದೆ, ಹಣ್ಣಿನ ಕೆಂಪೇ ಅದು. ಅದರ ಅಣುವಿನಲ್ಲಿ ಸಾಲಾಗಿ 11 ಸಂಯುಗ್ಮಿತ ದ್ವಿಬಂಧಗಳಿದ್ದು (ಒಂದು ಬಿಟ್ಟು ಒಂದರಂತೆ ಬರುವ ಜೋಡಿ ಬಂಧಗಳು), ನೀಲಿ-ಹಸಿರು ಬೆಳಕನ್ನು ನುಂಗುತ್ತವೆ. ಹಸಿರು ಕಾಯಿಯ ಪ್ರತಿಫಲನದ ಗೆರೆ, ಅಂದರೆ ಯಾವ ತರಂಗಾಂತರದ ಬೆಳಕು ಎಷ್ಟು ಮರಳುತ್ತದೆ ಎಂಬ ನಕ್ಷೆ, ನೋಡಿ: 675 ನ್ಯಾನೊಮೀಟರ್ ಹತ್ತಿರ ಪತ್ರಹರಿತ್ತಿನ ತಗ್ಗು. ಕಾಯಿ ಮಾಗುತ್ತ ಹೋದಂತೆ ಆ ತಗ್ಗು ತುಂಬಿಕೊಳ್ಳುತ್ತದೆ, 500ರಿಂದ 570ರ ನಡುವೆ ಇನ್ನೊಂದು ಇಳಿಯುತ್ತದೆ.

ಸಕ್ಕರೆಯದು ಕಷ್ಟ. ಹಣ್ಣಿನ ಸುಮಾರು 95% ನೀರು, ಬ್ರಿಕ್ಸ್ (ರಸದಲ್ಲಿ ಕರಗಿದ, ಬಹುಪಾಲು ಸಕ್ಕರೆಯೇ ಆದ ಪದಾರ್ಥಗಳ ಶೇಕಡಾ ಅಳತೆ) ಸಾಮಾನ್ಯವಾಗಿ 4ರಿಂದ 6. ಸಮೀಪ ಅವಗೆಂಪಿನಲ್ಲಿ, ಅಂದರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕಿನಲ್ಲಿ, 970ರ ಸುತ್ತ ನೀರು ಬೆಳಕು ನುಂಗುವ ದೊಡ್ಡ ಪಟ್ಟಿ. ಸಕ್ಕರೆಯ ಗುರುತು ಅದರ ಮಗ್ಗುಲಲ್ಲೊಂದು ಸಣ್ಣ ಸುಕ್ಕು. ಅದನ್ನು ಹೆಕ್ಕಲು ನೂರಾರು ತರಂಗಾಂತರಗಳನ್ನು ಒಟ್ಟಿಗೆ ಬಳಸುವ ಪಿಎಲ್‌ಎಸ್ (ಪಾರ್ಷಿಯಲ್ ಲೀಸ್ಟ್ ಸ್ಕ್ವೇರ್ಸ್) ಎಂಬ ಸಂಖ್ಯಾಶಾಸ್ತ್ರದ ಲೆಕ್ಕ ಬೇಕು. ಹೊಲದಲ್ಲಿ ಇನ್ನೊಂದು ತೊಡಕು: ಹಣ್ಣು ಬಿಸಿಯಾದರೆ ನೀರಿನ ಹೈಡ್ರೋಜನ್ ಬಂಧಗಳು ಸಡಿಲಾಗಿ ಆ ಪಟ್ಟಿಯೇ ಕಡಿಮೆ ತರಂಗಾಂತರದ ಕಡೆಗೆ ಸರಿಯುತ್ತದೆ. ಬೆಳಗಿನ ತಣ್ಣನೆಯ ಹಣ್ಣುಗಳಿಂದ ಮಾತ್ರ ಲೆಕ್ಕದ ಮಾದರಿ ಕಟ್ಟಿದರೆ, ಮಧ್ಯಾಹ್ನ ಅದೇ ಹಣ್ಣಿಗೆ ಬೇರೆ ಬ್ರಿಕ್ಸ್ ತೋರಿಸೀತು. ಮಾದರಿ ಕಟ್ಟುವಾಗಲೇ ಬೇರೆ ಬೇರೆ ಉಷ್ಣತೆಯ ಹಣ್ಣು ಸೇರಿಸಿ.

ವಿಟಮಿನ್ ಸಿ? 100 ಗ್ರಾಂ ಹಣ್ಣಿನಲ್ಲಿ ಸುಮಾರು 15ರಿಂದ 20 ಮಿಲಿಗ್ರಾಂ, ಅಂದರೆ 0.02 ಶೇಕಡದ ಆಸುಪಾಸು. ನೀರಿನ ಅಬ್ಬರದಲ್ಲಿ ಇಷ್ಟು ಕೇಳಿಸುವುದು ಅನುಮಾನ. ಉಪಕರಣದ ಅಂಕಿಗೂ ಪ್ರಯೋಗಾಲಯದ ಅಳತೆಗೂ ಸಹಸಂಬಂಧ ಚೆನ್ನಾಗಿ ಬಂದಿದ್ದರೆ, ಉಪಕರಣ ಹಣ್ಣಿನ ಮಾಗಿದ ಹಂತವನ್ನು ಓದಿ ವಿಟಮಿನ್ನನ್ನು ಊಹಿಸುತ್ತಿರಬಹುದು. ಪರೀಕ್ಷೆ ಸರಳ: ಒಂದೇ ಹಂತದ ಹಣ್ಣುಗಳನ್ನಷ್ಟೇ ಆರಿಸಿ ಲೆಕ್ಕ ಹಾಕಿ, ಸಂಬಂಧ ಉಳಿಯುತ್ತದೆಯೇ ನೋಡಿ.

ಬಣ್ಣವನ್ನೂ ಕುರುಡಾಗಿ ನಂಬಬೇಡಿ. 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಲ್ಲಿ ಲೈಕೋಪೀನ್ ತಯಾರಿ ಕುಂಟುತ್ತದೆ, ಕಿತ್ತಳೆ ಬಣ್ಣ ಕೊಡುವ ಬೀಟಾ-ಕ್ಯಾರೋಟಿನ್ ಅಷ್ಟಾಗಿ ಕುಗ್ಗುವುದಿಲ್ಲ. ಹಣ್ಣು ಕಿತ್ತಳೆ ಬಣ್ಣಕ್ಕೇ ನಿಲ್ಲುತ್ತದೆ, ಮಾಗಿಲ್ಲ ಅಂತಲ್ಲ.

ಉಪಕರಣದ ತುದಿಯನ್ನು ಸಿಪ್ಪೆಗೆ ಒತ್ತಿ ಹಿಡಿಯಿರಿ, ಸುತ್ತ ಕಪ್ಪು ರಬ್ಬರ್ ಬಳೆ ಇರಲಿ. ಇಲ್ಲದಿದ್ದರೆ ಸೂರ್ಯನ ಬೆಳಕೂ ಸಿಪ್ಪೆಯ ಹೊಳಪೂ ಸೇರಿ ಲೆಕ್ಕ ಕೆಡಿಸುತ್ತವೆ. ತೊಟ್ಟಿನ ಸುತ್ತ ಹಸಿರು ಉಳಿದಿರುವಾಗಲೇ ಹಣ್ಣಿನ ಕೆಳತುದಿ ಕೆಂಪಾಗಿರುತ್ತದೆ, ಹಾಗಾಗಿ ಒಂದೇ ಹಣ್ಣಿನ ಮೂರ್ನಾಲ್ಕು ಕಡೆ ಓದಿ ಸರಾಸರಿ ತೆಗೆಯಿರಿ. ಹೋಲಿಸಿ ನೋಡಲು ಪ್ರಯೋಗಾಲಯಕ್ಕೂ ಅದೇ ಭಾಗಗಳ ತುಂಡುಗಳೇ ಹೋಗಲಿ.